ಬಿಡಿ, ಹತ್ತು, ನೂರು: ಸ್ಥಾನಬೆಲೆ ಕಲಿಸುವ ಮರದ ಪೆಟ್ಟಿಗೆಯೊಂದರ ವಿಮರ್ಶೆ

ಎರಡನೆಯ ತರಗತಿಯ ಮಕ್ಕಳಿಗೆ ‘ಮುನ್ನೂರ ಐದು’ ಎಂದು ಬರೆಯಲು ಹೇಳಿದರೆ ಪ್ರತಿ ವರ್ಷವೂ ಕೆಲವರು 3005 ಎಂದು ಬರೆಯುತ್ತಾರೆ. ಇದು ಅಜಾಗರೂಕತೆಯಿಂದ ಆಗುವ ತಪ್ಪಲ್ಲ. ಮುನ್ನೂರು ಎಂದು ಕೇಳಿದಾಗ 300 ಬರೆದು, ಐದು ಎಂದು ಕೇಳಿದಾಗ ಅದರ ಪಕ್ಕದಲ್ಲಿ 5 ಬರೆದ ಮಗು ತನಗೆ ತಿಳಿದಷ್ಟನ್ನು ನಿಷ್ಠೆಯಿಂದಲೇ ಮಾಡಿದೆ. ಆ ಮಗುವಿಗೆ ತಿಳಿಯದೆ ಉಳಿದಿರುವುದು ಒಂದೇ ಒಂದು ಸಂಗತಿ: ಅಂಕಿಯ ಬೆಲೆಯನ್ನು ನಿರ್ಧರಿಸುವುದು ಅದು ಕುಳಿತಿರುವ ಜಾಗ. ಪ್ರಾಥಮಿಕ ಶಾಲೆಯ ಮೊದಲ ಮೂರು ವರ್ಷಗಳ ಗಣಿತದಲ್ಲಿ ಇದಕ್ಕಿಂತ ದೊಡ್ಡ ಪಾಠವಿಲ್ಲ ಎಂಬುದು ನನ್ನ ಅನುಭವ. ಆ ಪಾಠಕ್ಕಾಗಿಯೇ ತಯಾರಾದ ಮರದ ಘನಗಳ ಪೆಟ್ಟಿಗೆಯೊಂದನ್ನು ಎರಡು ವರ್ಷ ತರಗತಿಯಲ್ಲಿ ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಪೆಟ್ಟಿಗೆಯಲ್ಲಿ ಒಟ್ಟು 121 ತುಂಡುಗಳಿವೆ. ಒಂದು ಸೆಂಟಿಮೀಟರ್ ಅಳತೆಯ 100 ಬಿಡಿ ಘನಗಳು, ಹತ್ತು ಸೆಂಟಿಮೀಟರ್ ಉದ್ದದ 10 ಕಡ್ಡಿಗಳು, ಹತ್ತು ಕಡ್ಡಿಗಳನ್ನು ಒತ್ತೊತ್ತಾಗಿ ಜೋಡಿಸಿದಷ್ಟು ಅಗಲದ 10 ಹಲಗೆಗಳು, ಹತ್ತು ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿದಷ್ಟು ಎತ್ತರದ ಒಂದು ದೊಡ್ಡ ಘನ. ಕಡ್ಡಿ, ಹಲಗೆ ಮತ್ತು ದೊಡ್ಡ ಘನದ ಮೇಲೆ ಒಂದೊಂದು ಸೆಂಟಿಮೀಟರಿಗೂ ಗೆರೆ ಕೊರೆಯಲಾಗಿದೆ. ಇಂತಹ ಸಾಮಗ್ರಿಗೆ ಜೋಲ್ತಾನ್ ಡೀನ್ಸ್ ಎಂಬ ಗಣಿತಜ್ಞರ ಹೆಸರು ಅಂಟಿಕೊಂಡಿದೆ. ಹಂಗೇರಿಯಲ್ಲಿ 1916ರಲ್ಲಿ ಹುಟ್ಟಿದ ಅವರು ಹತ್ತರ ಗುಂಪುಗಳನ್ನು ಮಾತ್ರವಲ್ಲದೆ ಮೂರು, ನಾಲ್ಕು, ಐದರ ಗುಂಪುಗಳ ಘನಗಳನ್ನೂ ಮಕ್ಕಳ ಕೈಗೆ ಕೊಡುತ್ತಿದ್ದರು. ಗುಂಪು ಯಾವುದಾದರೂ ಕಟ್ಟುವ ಕ್ರಮ ಒಂದೇ ಎಂಬುದು ಮಗುವಿಗೆ ಕಾಣಬೇಕೆಂಬುದು ಅವರ ಉದ್ದೇಶವಾಗಿತ್ತು. ಈಗ ದೊರೆಯುವ ಹೆಚ್ಚಿನ ಪೆಟ್ಟಿಗೆಗಳಂತೆ ಇದರಲ್ಲಿಯೂ ಹತ್ತರ ಗುಂಪು ಮಾತ್ರ ಉಳಿದುಕೊಂಡಿದೆ. ಐದರ ಗುಂಪಿನ ಒಂದು ಚಿಕ್ಕ ಕಂತೆಯನ್ನಾದರೂ ಸೇರಿಸಿದ್ದರೆ ಮಕ್ಕಳಿಗಿಂತ ಹೆಚ್ಚಾಗಿ ನಮ್ಮಂತಹ ಶಿಕ್ಷಕರಿಗೆ ಪ್ರಯೋಜನವಾಗುತ್ತಿತ್ತು ಎಂದು ನನಗೆ ಅನಿಸಿದೆ.

ಪೆಟ್ಟಿಗೆಯ ಜೊತೆಗೆ ಬರುವ ಕೈಪಿಡಿ 34, 57, 126 ಎಂಬ ಸಂಖ್ಯೆಗಳನ್ನು ಘನಗಳಲ್ಲಿ ‘ತೋರಿಸುವ’ ಚಟುವಟಿಕೆಗಳಿಂದ ಆರಂಭವಾಗುತ್ತದೆ. ನಾನು ಆ ಕ್ರಮವನ್ನು ಒಪ್ಪುವುದಿಲ್ಲ. ಮೂರು ಕಡ್ಡಿ, ನಾಲ್ಕು ಬಿಡಿ ಎಂದು ಎತ್ತಿಡುವುದನ್ನು ಮಗು ಹತ್ತು ನಿಮಿಷಗಳಲ್ಲಿ ಕಲಿಯುತ್ತದೆ, ಆದರೆ ಕಡ್ಡಿಯೊಳಗೆ ಹತ್ತು ಬಿಡಿಗಳಿವೆ ಎಂಬುದನ್ನು ಅದು ನಿಜವಾಗಿ ನಂಬಿರುವುದಿಲ್ಲ. ಆದ್ದರಿಂದ ನಾವು ದಾಳದ ಆಟದಿಂದ ಆರಂಭಿಸುತ್ತೇವೆ. ನಾಲ್ಕು ಮಕ್ಕಳ ಗುಂಪಿನಲ್ಲಿ ಒಂದು ಮಗು ಬ್ಯಾಂಕ್ ಆಗಿ ಕುಳಿತುಕೊಳ್ಳುತ್ತದೆ. ಉಳಿದವರು ದಾಳ ಉರುಳಿಸಿ ಬಿದ್ದಷ್ಟು ಬಿಡಿಗಳನ್ನು ಪಡೆಯುತ್ತಾರೆ. ಹತ್ತು ಬಿಡಿಗಳು ಸೇರಿದ ಕೂಡಲೇ ಅವನ್ನು ಬ್ಯಾಂಕಿಗೆ ಒಪ್ಪಿಸಿ ಒಂದು ಕಡ್ಡಿಯನ್ನು ತೆಗೆದುಕೊಳ್ಳಬೇಕು. ಮೊದಲ ದಿನ ಹೆಚ್ಚಿನ ಮಕ್ಕಳಿಗೆ ಇದು ನಷ್ಟದ ವ್ಯಾಪಾರದಂತೆ ಕಾಣುತ್ತದೆ. ಹತ್ತು ವಸ್ತು ಕೊಟ್ಟು ಒಂದು ವಸ್ತು ಪಡೆಯಲು ಅವರ ಮನಸ್ಸು ಒಪ್ಪುವುದಿಲ್ಲ. ಕೆಲವರು ಕಡ್ಡಿಯ ಪಕ್ಕದಲ್ಲಿ ಬಿಡಿಗಳನ್ನು ಸಾಲಾಗಿ ಇಟ್ಟು ಉದ್ದ ಸಮವಾಗಿದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಆ ಪರೀಕ್ಷೆ ಮುಗಿದು ವಿನಿಮಯವನ್ನು ಮಗು ತಾನಾಗಿಯೇ ಕೇಳಲು ತೊಡಗಿದ ದಿನ ಪೆಟ್ಟಿಗೆ ತನ್ನ ಕೆಲಸದ ಮುಖ್ಯ ಭಾಗವನ್ನು ಮುಗಿಸಿದೆ ಎಂದು ತಿಳಿಯಬಹುದು.

ಇದರ ಫಲ ದಶಕಸಹಿತ ಸಂಕಲನದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 27ಕ್ಕೆ 15 ಸೇರಿಸುವಾಗ ಏಳು, ಐದು ಕೂಡಿದರೆ ಹನ್ನೆರಡು, ಎರಡು ಕೆಳಗೆ, ‘ಕೈಯಲ್ಲಿ ಒಂದು’ ಎಂದು ಮಕ್ಕಳು ರಾಗವಾಗಿ ಹೇಳುತ್ತಾರೆ. ಆ ಒಂದು ಯಾವುದು ಎಂದು ಕೇಳಿದರೆ ಉತ್ತರವಿರುವುದಿಲ್ಲ. ಘನಗಳನ್ನು ಬಳಸಿದ ಮಗು ಹನ್ನೆರಡು ಬಿಡಿಗಳಲ್ಲಿ ಹತ್ತನ್ನು ಕೊಟ್ಟು ಪಡೆದ ಕಡ್ಡಿಯನ್ನು ಎತ್ತಿ ತೋರಿಸುತ್ತದೆ. ವ್ಯವಕಲನದಲ್ಲಿ ಲಾಭ ಇನ್ನೂ ಹೆಚ್ಚು. 52ರಿಂದ 27 ಕಳೆಯಲು ಹೇಳಿದಾಗ ಐದರಲ್ಲಿ ಎರಡು ಹೋದರೆ ಮೂರು, ಏಳರಲ್ಲಿ ಎರಡು ಹೋದರೆ ಐದು ಎಂದು 35 ಬರೆಯುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಕಾಗದದ ಮೇಲೆ ಈ ತಪ್ಪಿಗೆ ಯಾವ ಅಡ್ಡಿಯೂ ಇಲ್ಲ. ಆದರೆ ಮೇಜಿನ ಮೇಲೆ ಐದು ಕಡ್ಡಿ, ಎರಡು ಬಿಡಿ ಇಟ್ಟುಕೊಂಡ ಮಗುವಿಗೆ ಏಳು ಬಿಡಿಗಳನ್ನು ಎತ್ತಲು ಕೈ ಹೋಗುವುದೇ ಇಲ್ಲ, ಏಕೆಂದರೆ ಅಲ್ಲಿರುವುದು ಎರಡೇ. ಕಳೆದ ವರ್ಷ ಒಬ್ಬ ಬಾಲಕಿ ಈ ಹಂತದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ಬಳಿಕ ಒಂದು ಕಡ್ಡಿಯನ್ನು ನನ್ನ ಮುಂದೆ ಚಾಚಿ, “ಮಿಸ್, ಇದಕ್ಕೆ ಚಿಲ್ಲರೆ ಕೊಡಿ” ಎಂದಳು. ಅಂದಿನಿಂದ ನಮ್ಮ ತರಗತಿಯಲ್ಲಿ ‘ಸಾಲ ತೆಗೆದುಕೊಳ್ಳುವುದು’ ಎಂಬ ಮಾತನ್ನು ಬಿಟ್ಟಿದ್ದೇವೆ. ಲೆಕ್ಕದಲ್ಲಿ ಪಕ್ಕದ ಸ್ಥಾನದಿಂದ ತಂದ ಸಾಲವನ್ನು ಯಾರೂ ಹಿಂದಿರುಗಿಸುವುದಿಲ್ಲವಾದ್ದರಿಂದ ಆ ಮಾತು ಮಕ್ಕಳನ್ನು ದಾರಿ ತಪ್ಪಿಸುತ್ತದೆ. ಚಿಲ್ಲರೆ ಎಂದರೆ ಬೆಲೆ ಬದಲಾಗದೆ ರೂಪ ಮಾತ್ರ ಬದಲಾಗುತ್ತದೆ ಎಂಬುದು ಅವರಿಗೆ ವಿವರಿಸದೆಯೇ ತಿಳಿಯುತ್ತದೆ.

ಕನ್ನಡದಲ್ಲಿ ಕಲಿಯುವ ಮಕ್ಕಳಿಗೆ ಕಡ್ಡಿಗಳಿಂದ ಇನ್ನೊಂದು ಸಂತೋಷವೂ ದೊರೆಯುತ್ತದೆ. ಹಳಗನ್ನಡದಲ್ಲಿ ಹತ್ತು ಎಂಬುದು ‘ಪತ್ತು’ ಆಗಿತ್ತು. ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು ಎಂಬ ಪದಗಳ ಬಾಲದಲ್ಲಿ ಆ ಪತ್ತು ಇಂದಿಗೂ ಇದೆ. ನಾಲ್ಕು ಕಡ್ಡಿಗಳನ್ನು ಸಾಲಾಗಿ ಇಟ್ಟು ನಲವತ್ತು ಎಂದು ನಿಧಾನವಾಗಿ ಉಚ್ಚರಿಸಿದರೆ ಮಕ್ಕಳು ಪದದೊಳಗೆ ನಾಲ್ಕನ್ನೂ ಹತ್ತನ್ನೂ ತಾವೇ ಗುರುತಿಸುತ್ತಾರೆ. ತೊಂಬತ್ತಿಗೆ ಬಂದಾಗ ಈ ಕ್ರಮ ಕೈಕೊಡುತ್ತದೆ. ಅದನ್ನು ಹಾಗೆಯೇ ನೆನಪಿನಲ್ಲಿಡಿ ಎಂದು ಹೇಳಿ ಮುಂದೆ ಸಾಗುತ್ತೇವೆ.

ಇನ್ನು ಕೊರತೆಗಳ ವಿಚಾರ. ಈ ಸಾಮಗ್ರಿ ಸ್ಥಾನಬೆಲೆಯನ್ನು ಕಲಿಸುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿದೆ, ಆದರೆ ಅದು ಅರ್ಧ ಮಾತ್ರ ಸತ್ಯ. ನಾಲ್ಕು ಬಿಡಿಗಳನ್ನು ಎಡಕ್ಕೂ ಮೂರು ಕಡ್ಡಿಗಳನ್ನು ಬಲಕ್ಕೂ ಇಟ್ಟರೂ ಅದು ಮೂವತ್ತನಾಲ್ಕೇ ಆಗಿರುತ್ತದೆ. ಘನಗಳಲ್ಲಿ ಬೆಲೆ ಇರುವುದು ಗಾತ್ರದಲ್ಲಿ. ಬರವಣಿಗೆಯಲ್ಲಿ ಬೆಲೆ ಇರುವುದು ಸ್ಥಾನದಲ್ಲಿ. ಹಾಗೆಯೇ ಮೂರು ಹಲಗೆ, ಐದು ಬಿಡಿ ಇಟ್ಟಾಗ ಸೊನ್ನೆಯ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ ಇಲ್ಲದ ಕಡ್ಡಿಯನ್ನು ಯಾವ ಮಗುವೂ ಎತ್ತಿಡುವುದಿಲ್ಲ. ಅಂದರೆ ನಾನು ಆರಂಭದಲ್ಲಿ ಹೇಳಿದ 3005ರ ತಪ್ಪನ್ನು ಈ ಘನಗಳು ತಾವಾಗಿಯೇ ತಿದ್ದಲಾರವು. ಅದಕ್ಕೆ ನೂರು, ಹತ್ತು, ಬಿಡಿ ಎಂದು ಮೂರು ಮನೆಗಳನ್ನು ಬರೆದ ದೊಡ್ಡ ಹಾಳೆ ಬೇಕು. ಹತ್ತರ ಮನೆ ಖಾಲಿಯಾಗಿ ಕಣ್ಣಿಗೆ ಬಿದ್ದಾಗ ಮಾತ್ರ ಆ ಖಾಲಿತನಕ್ಕೆ ಒಂದು ಗುರುತು ಬೇಕೆಂಬುದು ಮಗುವಿಗೆ ಹೊಳೆಯುತ್ತದೆ, ಸೊನ್ನೆ ಏಕೆ ಬೇಕು ಎಂಬುದೂ ಅಲ್ಲಿಯೇ ಅರ್ಥವಾಗುತ್ತದೆ. ಇಷ್ಟು ಮುಖ್ಯವಾದ ಹಾಳೆಯನ್ನು ತಯಾರಕರು ಪೆಟ್ಟಿಗೆಯಲ್ಲಿ ಇಟ್ಟಿಲ್ಲ. ನಾವು ರಟ್ಟಿನ ಮೇಲೆ ಗೆರೆ ಎಳೆದು ಮಾಡಿಕೊಂಡಿದ್ದೇವೆ.

ದೊಡ್ಡ ಘನದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಅದರಲ್ಲಿ ಎಷ್ಟು ಬಿಡಿಗಳಿವೆ ಎಂದು ಕೇಳಿದರೆ ಅನೇಕ ಮಕ್ಕಳು ಆರುನೂರು ಎನ್ನುತ್ತಾರೆ. ಅವರು ಕಾಣುವ ಆರು ಮುಖಗಳಲ್ಲಿ ಒಂದೊಂದರ ಮೇಲೂ ನೂರು ಚೌಕಗಳಿರುವುದರಿಂದ ಆ ಉತ್ತರಕ್ಕೆ ತನ್ನದೇ ಆದ ತರ್ಕವಿದೆ. ಹತ್ತು ಹಲಗೆಗಳನ್ನು ಘನದ ಪಕ್ಕದಲ್ಲಿ ಒಂದೊಂದಾಗಿ ಪೇರಿಸುತ್ತಾ ನೂರು, ಇನ್ನೂರು, ಮುನ್ನೂರು ಎಂದು ಎಣಿಸಿದರೆ ಎತ್ತರ ಸಮವಾಗುವ ಹೊತ್ತಿಗೆ ಸಾವಿರ ತಲುಪಿರುತ್ತೇವೆ. ಹಲಗೆಗಳ ಸಂಖ್ಯೆ ಸರಿಯಾಗಿ ಹತ್ತು ಇರುವುದು ಇಲ್ಲಿ ಬಹಳ ಉಪಕಾರಿ. ಕಡ್ಡಿಗಳ ಸಂಖ್ಯೆಯೂ ಹತ್ತೇ ಇರುವುದು ಮಾತ್ರ ದೊಡ್ಡ ಲೋಪ. 278ಕ್ಕೆ 156 ಸೇರಿಸುವ ಲೆಕ್ಕ ಕೈಪಿಡಿಯಲ್ಲೇ ಇದೆ. ಅದನ್ನು ಜೋಡಿಸಲು ಏಳು ಮತ್ತು ಐದು ಸೇರಿ ಹನ್ನೆರಡು ಕಡ್ಡಿಗಳು ಬೇಕು, ಪೆಟ್ಟಿಗೆಯಲ್ಲಿ ಅಷ್ಟಿಲ್ಲ. ಲೆಕ್ಕ ಬರೆದವರು ಅದನ್ನು ಮಕ್ಕಳೊಂದಿಗೆ ಮಾಡಿ ನೋಡಲಿಲ್ಲವೆಂದು ಬೇಸರವಾಯಿತು.

ಮರದ ಗುಣಮಟ್ಟ ಚೆನ್ನಾಗಿದೆ. ಅಂಚುಗಳನ್ನು ನುಣುಪು ಮಾಡಿದ್ದಾರೆ, ಎರಡು ವರ್ಷಗಳ ಬಳಕೆಯ ನಂತರವೂ ಗೆರೆಗಳು ಮಾಸಿಲ್ಲ. ಬಿಡಿ ಘನಗಳು ತೀರ ಚಿಕ್ಕವಾದ್ದರಿಂದ ಪುಟ್ಟ ತಮ್ಮ ತಂಗಿಯರಿರುವ ಮನೆಗಳಲ್ಲಿ ಅವು ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು. ಮುಚ್ಚಳದ ಕೀಲು ಸಡಿಲವಾಗಿದೆ.

ಇದೇ ಉದ್ದೇಶದ ಬೇರೆ ಸಾಧನಗಳೊಂದಿಗೆ ಹೋಲಿಸುವುದಾದರೆ, ಬೆಲ್ಜಿಯಂನ ಶಿಕ್ಷಕ ಜಾರ್ಜ್ ಕ್ವಿಜನೇರ್ ರೂಪಿಸಿದ ಬಣ್ಣದ ಕಡ್ಡಿಗಳು ಒಂದರಿಂದ ಹತ್ತರವರೆಗಿನ ಸಂಖ್ಯೆಗಳ ನಡುವಿನ ಸಂಬಂಧಕ್ಕೆ ಹೆಚ್ಚು ಸೂಕ್ತ. ಅವುಗಳ ಮೇಲೆ ಗೆರೆಗಳಿಲ್ಲವಾದ್ದರಿಂದ ಮಗು ಎಣಿಸದೆ ಉದ್ದವನ್ನೇ ನೋಡಿ ಯೋಚಿಸುತ್ತದೆ. ತಂತಿಗಳಲ್ಲಿ ಮಣಿ ಪೋಣಿಸಿದ ಮಣಿಚೌಕಟ್ಟು (ಅಬಾಕಸ್) ಸ್ಥಾನವನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಅದರಲ್ಲಿ ನೂರರ ಮಣಿಯೂ ಬಿಡಿಯ ಮಣಿಯೂ ಒಂದೇ ಗಾತ್ರದ್ದಾಗಿರುವುದರಿಂದ ಮೊದಲ ಪಾಠಕ್ಕೆ ಅದು ಕಠಿಣ. ನನ್ನ ದೃಷ್ಟಿಯಲ್ಲಿ ಈ ಪೆಟ್ಟಿಗೆಗೆ ನಿಜವಾದ ಪೈಪೋಟಿ ನೀಡುವುದು ರಬ್ಬರ್ ಬ್ಯಾಂಡ್ ಹಾಕಿದ ಹತ್ತು ಸಣ್ಣ ಕಡ್ಡಿಗಳ ಕಟ್ಟು. ಮರದ ಕಡ್ಡಿಯನ್ನು ಬಿಡಿಸಲಾಗದು, ಬ್ಯಾಂಕಿನಲ್ಲಿ ಬದಲಾಯಿಸಬೇಕು. ಕಟ್ಟನ್ನಾದರೆ ಮಗು ತನ್ನ ಕೈಯಿಂದಲೇ ಕಟ್ಟಬಹುದು, ಬಿಚ್ಚಬಹುದು. ಒಂದನೆಯ ತರಗತಿಯಲ್ಲಿ ಕೆಲವು ವಾರ ಕಟ್ಟುಗಳನ್ನು ಬಳಸಿದ ಮೇಲೆಯೇ ಈ ಪೆಟ್ಟಿಗೆಯನ್ನು ತೆರೆಯುವುದು ಒಳ್ಳೆಯದು. ನಾನು ಮೊದಲ ವರ್ಷ ಹಾಗೆ ಮಾಡಲಿಲ್ಲ, ಅದರಿಂದಾಗಿ ವಿನಿಮಯದ ಪಾಠಕ್ಕೆ ಎರಡು ಪಟ್ಟು ಸಮಯ ಹಿಡಿಯಿತು.

ಪೆಟ್ಟಿಗೆಯನ್ನು ಯಾವಾಗ ಮುಚ್ಚಬೇಕು ಎಂಬುದನ್ನು ಕೈಪಿಡಿ ಹೇಳುವುದಿಲ್ಲ. ನಮ್ಮ ತರಗತಿಯಲ್ಲಿ ಮಕ್ಕಳು ಕೆಲವು ವಾರಗಳ ನಂತರ ಹಲಗೆಗೆ ಚೌಕ, ಕಡ್ಡಿಗೆ ಗೆರೆ, ಬಿಡಿಗೆ ಚುಕ್ಕಿ ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡು ಲೆಕ್ಕ ಮಾಡುತ್ತಾರೆ, ಅನಂತರ ಆ ಚಿತ್ರವನ್ನೂ ಬಿಡುತ್ತಾರೆ. ಮೂರನೆಯ ತರಗತಿಗೆ ಹೋದವರು ಕೂಡ ನಾಲ್ಕಂಕಿಯ ಸಂಖ್ಯೆಗಳ ಪಾಠ ಬಂದಾಗ ಘನಗಳನ್ನು ಕೇಳಿಕೊಂಡು ಬರುವುದುಂಟು, ಅದನ್ನು ಹಿನ್ನಡೆ ಎಂದು ಎಣಿಸಬಾರದು. ಮನೆಯಲ್ಲಿ ಒಂದು ಮಗುವಿಗಾಗಿ ಕೊಳ್ಳುವವರಿಗೆ ಈ ಪೆಟ್ಟಿಗೆ ಧಾರಾಳವಾಗಿ ಸಾಕು. ತರಗತಿಗೆ ಕೊಳ್ಳುವವರು ನಾಲ್ಕು ಮಕ್ಕಳಿಗೊಂದರಂತೆ ಲೆಕ್ಕ ಹಾಕಬೇಕು. ಕಡ್ಡಿಗಳನ್ನು ಬಿಡಿಯಾಗಿ ಮಾರುವವರು ಸಿಕ್ಕಿದರೆ ಪ್ರತಿ ಪೆಟ್ಟಿಗೆಗೆ ಇನ್ನೂ ಹತ್ತು ಕಡ್ಡಿಗಳನ್ನು ಸೇರಿಸಿ, ಮೂರು ಮನೆಗಳ ರಟ್ಟನ್ನು ಮೊದಲ ದಿನವೇ ತಯಾರಿಸಿಟ್ಟುಕೊಳ್ಳಬೇಕು.