ಪ್ರಾಮ್ ನೈಟ್: ಮೊದಲ ಮೂರು ಹಾರರ್ ಸಿನಿಮಾಗಳಲ್ಲಿ ಯಾವುದು ನೋಡೋದು?

ಮೊದಲು ನಿಮಗೆ ದೆವ್ವ ಬೇಕೋ ಬೇಡವೋ ಹೇಳಿ. 1980ರ ಮೊದಲ 'ಪ್ರಾಮ್ ನೈಟ್'ನಲ್ಲಿ ದೆವ್ವವೇ ಇಲ್ಲ. ಮುಖವಾಡದ ಕೊಲೆಗಾರ, ನಾಯಕಿಯಾಗಿ ಜೇಮೀ ಲೀ ಕರ್ಟಿಸ್, ಡಿಸ್ಕೋ ಕುಣಿತ. ನಿಧಾನ ಜಾಸ್ತಿ.

1987ರ 'ಹಲೋ ಮೇರಿ ಲೂ'ಗೆ ಆ ಕಥೆಯ ನಂಟಿಲ್ಲ, ಹ್ಯಾಮಿಲ್ಟನ್ ಹೈಸ್ಕೂಲ್ ಎಂಬ ಹೆಸರಷ್ಟೇ ಅದೇ. 1957ರ ಪ್ರಾಮ್ ರಾತ್ರಿ, ಅಂದರೆ ಅಲ್ಲಿನ ಸ್ಕೂಲ್ ಡಾನ್ಸ್ ಪಾರ್ಟಿಯಲ್ಲಿ, ಬೆಂಕಿಗೆ ಸಿಕ್ಕಿ ಸತ್ತ ಮೇರಿ ಲೂ 30 ವರ್ಷದ ಮೇಲೆ ಇನ್ನೊಬ್ಬ ಹುಡುಗಿಯ ಮೈಮೇಲೆ ಬರುತ್ತಾಳೆ. ಕ್ಲಾಸಿನ ಕರಿಹಲಗೆ ನೀರಾಗಿ ಆ ಹುಡುಗಿಯನ್ನು ಒಳಗೆಳೆದುಕೊಳ್ಳುವ ದೃಶ್ಯ ಇವತ್ತಿಗೂ ಮೈ ಜುಮ್ಮೆನಿಸುತ್ತದೆ. ನಗು ಇದೆ, ಆದರೆ ಹೆದರಿಕೆಯೇ ಒಂದು ಕೈ ಮೇಲು.

ನಗುವೇ ಮುಖ್ಯ ಅಂದ್ರೆ 1990ರ ಮೂರನೆಯದು. ಅಲ್ಲಿ ಮೇರಿ ಲೂಗೆ ಒಬ್ಬ ಹುಡುಗನ ಮೇಲೆ ಪ್ರೀತಿ! ಹಿಂದಿನದನ್ನು ನೋಡದಿದ್ದರೂ ನಡೆಯುತ್ತೆ. ಮಕ್ಕಳು ಜೊತೆಗಿದ್ದರೆ ಮಾತ್ರ ಮೂರೂ ಬೇಡ.