ಸ್ಲೈಡ್ ಕೊಡುವ ಮೊದಲು ಒಂದು ಫೋನ್ ಮಾಡಿ: ನಕಲಿ ಆರೋಗ್ಯ ಸೆಮಿನಾರ್‌ನಲ್ಲಿ ನಾನು ಕಳೆದುಕೊಂಡದ್ದು

ತಾಲ್ಲೂಕು ಆಸ್ಪತ್ರೆ, ಪಿಎಚ್‌ಸಿಗಳಲ್ಲಿರುವ ಡಾಕ್ಟರ್‌ಗಳು, ಕಮ್ಯುನಿಟಿ ಮೆಡಿಸಿನ್ ಪಿಜಿ ಓದುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸಾರ್ವಜನಿಕ ಆರೋಗ್ಯದ ಅಂತಾರಾಷ್ಟ್ರೀಯ ಸಂಶೋಧನಾ ಸೆಮಿನಾರ್ ಅಂತ ಕರೆದುಕೊಂಡ ಒಂದು ಕಾರ್ಯಕ್ರಮಕ್ಕೆ ಹೋಗಿ ನಾನು ಸುಮಾರು 31 ಸಾವಿರ ರೂಪಾಯಿ ಕಳೆದುಕೊಂಡೆ. ದುಡ್ಡಿನ ಮಾತು ಬಿಡಿ. ಎರಡು ವರ್ಷ ಮಾಡಿದ ಕೆಲಸ ಹೋಯಿತು. ನನ್ನನ್ನು ನಂಬಿದ ರೋಗಿಯೊಬ್ಬಳ ವಿಷಯ ಊರಿಗೆ ಗೊತ್ತಾಗುವ ಹಾಗಾಯಿತು.

ನಮ್ಮದು ಉತ್ತರ ಕರ್ನಾಟಕದ ಒಂದು ತಾಲ್ಲೂಕು. ದೀಪಾವಳಿಯ ಹೊತ್ತಿಗೆ ಇಲ್ಲಿ ಮನೆಗೆ ಮನೆಯೇ ಗುಳೆ ಹೋಗುತ್ತದೆ. ಕೆಲವರು ಕಬ್ಬು ಕಡಿಯಲು, ಕೆಲವರು ಇಟ್ಟಿಗೆ ಭಟ್ಟಿಗೆ, ಕೆಲವರು ಗೋವಾದ ಕಟ್ಟಡ ಕೆಲಸಕ್ಕೆ. ಟಿಬಿಗೆ ಮಾಮೂಲಿ ಚಿಕಿತ್ಸೆ 6 ತಿಂಗಳು. ಆದರೆ ಎರಡು ತಿಂಗಳು ಮಾತ್ರೆ ತೆಗೆದುಕೊಂಡರೆ ಕೆಮ್ಮು ನಿಲ್ಲುತ್ತದೆ, ಜ್ವರ ಬಿಡುತ್ತದೆ, ಊಟ ಸೇರುತ್ತದೆ. ವಾಸಿಯಾಯಿತು ಅಂದುಕೊಳ್ಳುತ್ತಾರೆ. ಅಷ್ಟರಲ್ಲಿ ಕೂಲಿಗೆ ಜನರನ್ನು ಕರೆದೊಯ್ಯುವ ಮುಕಾದಮನ ಟ್ರ್ಯಾಕ್ಟರ್ ಬಂದು ನಿಂತರೆ ಮಾತ್ರೆ ಅಲ್ಲಿಗೇ ಮುಗಿಯಿತು. ಹೀಗೆ ಅರ್ಧಕ್ಕೆ ಬಿಟ್ಟವರಲ್ಲೇ ಕಾಯಿಲೆ ಮರಳಿ ಬರುವುದು, ಮಾಮೂಲಿ ಔಷಧಿಗೆ ಬಗ್ಗದ ಟಿಬಿ ಆಗುವುದು ಜಾಸ್ತಿ.

ಟಿಬಿ ರೋಗಿಗಳ ದಾಖಲೆ ಇಡುವ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ರೋಗಿಯನ್ನು ಬೇರೆ ಜಿಲ್ಲೆಗೆ, ಬೇರೆ ರಾಜ್ಯಕ್ಕೆ ವರ್ಗಾಯಿಸಬಹುದು. ಆದರೆ ಹೊರಡುವ ದಿನ ನಮಗೆ ಮೊದಲೇ ಗೊತ್ತಿರಬೇಕಲ್ವಾ? ಗುಳೆ ಹೋಗುವ ಮುಂಚೆ ಯಾರಿಗೆ ವಿಷಯ ತಿಳಿಯುತ್ತದೆ, ಯಾರಿಗೆ ತಿಳಿದರೆ ರೋಗಿಯ ಮಾತ್ರೆ ಮುಂದುವರಿಯುತ್ತದೆ, ಇದನ್ನು ತಿಳಿಯಲು ನಾನು ಹೊರಟೆ. ಪಕ್ಕದ ಮೆಡಿಕಲ್ ಕಾಲೇಜಿನ ಎಥಿಕ್ಸ್ ಕಮಿಟಿಯಿಂದ ಒಪ್ಪಿಗೆ ತೆಗೆದುಕೊಂಡೆ. ನಮ್ಮ ಎಸ್‌ಟಿಎಸ್ (ಟಿಬಿ ಚಿಕಿತ್ಸೆಯ ಮೇಲ್ವಿಚಾರಕರು) ಬೈಕಿನಲ್ಲಿ ಹಳ್ಳಿ ಹಳ್ಳಿ ಸುತ್ತಿದರು. ಆಶಾ ಕಾರ್ಯಕರ್ತೆಯರು ಸಂಜೆ ಹೊತ್ತು ರೋಗಿಗಳ ಮನೆ ಕಟ್ಟೆಯ ಮೇಲೆ ಕೂತು ಪ್ರಶ್ನೆ ಕೇಳಿದರು. ಒಪಿಡಿ ಮುಗಿಸಿ ರಾತ್ರಿ ನಾನು ಎಕ್ಸೆಲ್ ತುಂಬುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು. ಕೊನೆಗೆ ಕಂಡದ್ದು ಬಹಳ ಸರಳ. ಡಾಕ್ಟರ್‌ಗಿಂತ, ಎಸ್‌ಟಿಎಸ್‌ಗಿಂತ ಮೊದಲು ಗುಳೆಯ ಸುದ್ದಿ ಮುಟ್ಟುವುದು ಅಂಗನವಾಡಿ ಕಾರ್ಯಕರ್ತೆಗೆ. ಮಕ್ಕಳ ಹೆಸರು ತೆಗೆಸಲು ತಾಯಿ ಮೊದಲು ಅಲ್ಲಿಗೇ ಹೋಗುತ್ತಾಳೆ. ಅವರನ್ನು ಜೊತೆಗೆ ಸೇರಿಸಿಕೊಂಡ ಊರುಗಳಲ್ಲಿ ಮಾತ್ರೆ ತಪ್ಪಿದವರು ಕಡಿಮೆ.

ಇದು ಬೇರೆ ತಾಲ್ಲೂಕಿನವರಿಗೂ ಉಪಯೋಗಕ್ಕೆ ಬರಬೇಕು ಅನ್ನಿಸಿತು. ಅದೇ ಹೊತ್ತಿಗೆ ಆ ಇಮೇಲ್ ಬಂತು.

ನನ್ನ ಹೆಸರಿನ ಹಿಂದೆ 'ಗೌರವಾನ್ವಿತ ಸಂಶೋಧಕರು' ಅಂತ ಇತ್ತು. ಬೆಂಗಳೂರಿನಲ್ಲಿ ಎರಡು ದಿನದ ಸೆಮಿನಾರ್. ಐದಾರು ದೇಶದ ಬಾವುಟ, ವಿದೇಶಿ ಪ್ರೊಫೆಸರ್‌ಗಳ ಫೋಟೋ. ಕೆಎಂಸಿ (ಕರ್ನಾಟಕ ಮೆಡಿಕಲ್ ಕೌನ್ಸಿಲ್) ಕ್ರೆಡಿಟ್ ಅವರ್ ಸಿಗುತ್ತದೆ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರು. ವೈದ್ಯರು 5 ವರ್ಷಕ್ಕೆ ಕನಿಷ್ಠ 30 ಗಂಟೆ ಸಿಎಂಇ (ವೈದ್ಯರ ಮುಂದುವರಿದ ಕಲಿಕೆ) ಮಾಡಬೇಕು ಎಂದು ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದಲ್ಲೇ ಇದೆ. ತಾಲ್ಲೂಕಿನಲ್ಲಿ ಕೂತ ನಮಗೆ ಅದನ್ನು ಹೊಂದಿಸುವುದು ಕಷ್ಟ. ಆ ಕಷ್ಟ ಅವರಿಗೆ ಚೆನ್ನಾಗಿ ಗೊತ್ತಿತ್ತು. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಗೆಳತಿಯರಿಗೆ ಬಡ್ತಿಗೆ ಪೇಪರ್ ಬೇಕು, ಹಾಗಾಗಿ ಅವರಿಗೆ ಬಂದ ಇಮೇಲ್‌ನಲ್ಲಿ ಪ್ರಕಟಣೆಯ ಮಾತು ದೊಡ್ಡದಾಗಿತ್ತಂತೆ. ಯಾರಿಗೆ ಏನು ಬೇಕೋ ಅದನ್ನೇ ತೋರಿಸುತ್ತಾರೆ.

ಅಬ್‌ಸ್ಟ್ರಾಕ್ಟ್ (ಸಂಶೋಧನೆಯ ಸಾರಾಂಶ) ಕಳಿಸಿದ 2 ದಿನಕ್ಕೆ 'ಆಯ್ಕೆಯಾಗಿದೆ' ಅಂತ ಉತ್ತರ ಬಂತು. ಒಂದೇ ಒಂದು ಪ್ರಶ್ನೆ ಇಲ್ಲ, ಒಂದು ತಿದ್ದುಪಡಿ ಇಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಸರಿಯಾದ ಸಮ್ಮೇಳನದಲ್ಲಿ ಇಬ್ಬರಾದರೂ ಓದುತ್ತಾರೆ. ಸ್ಯಾಂಪಲ್ ಹೇಗೆ ಆರಿಸಿದಿರಿ, ಒಪ್ಪಿಗೆ ಹೇಗೆ ಪಡೆದಿರಿ ಅಂತ ಕೇಳುತ್ತಾರೆ. ಅದಕ್ಕೆ ವಾರಗಳು ಹಿಡಿಯುತ್ತವೆ. ಆದರೆ ಅವತ್ತು ನನಗೆ ಆದದ್ದು ಸಂತೋಷವೇ. ಎಸ್‌ಟಿಎಸ್‌ಗೆ ಫೋನ್ ಮಾಡಿ ಹೇಳಿದೆ. ಅವರು ಪಿಎಚ್‌ಸಿಯಲ್ಲಿ ಎಲ್ಲರಿಗೂ ಪೇಡೆ ಹಂಚಿದರು.

ನೋಂದಣಿಗೆ 18,500 ರೂಪಾಯಿ ಅಂದರು. ಯುಪಿಐ ಮಾಡಿದಾಗ ಬಂದದ್ದು ಒಬ್ಬ ವ್ಯಕ್ತಿಯ ಹೆಸರು, ಸಂಸ್ಥೆಯದ್ದಲ್ಲ. ಕೇಳಿದರೆ 'ಅಕೌಂಟೆಂಟ್ ಮೇಡಂ, ರಸೀದಿ ಆಮೇಲೆ ಬರುತ್ತೆ' ಅಂದರು. ಬರಲೇ ಇಲ್ಲ. ಬಸ್ಸು, ರೂಮು, ಪೋಸ್ಟರ್ ಪ್ರಿಂಟು, ಆಮೇಲೆ 'ಪ್ರೊಸೀಡಿಂಗ್ಸ್ ಶುಲ್ಕ' ಅಂತ ಇನ್ನೊಂದಿಷ್ಟು ಸೇರಿ ಮೇಲೆ ಹೇಳಿದ ಮೊತ್ತವಾಯಿತು.

ಹೋಟೆಲ್‌ನ ಹಾಲ್ ಚಿಕ್ಕದು. ಎಣಿಸಿದೆ, 26 ಜನ. ದಂತವೈದ್ಯರು ಇದ್ದರು, ನರ್ಸಿಂಗ್ ವಿದ್ಯಾರ್ಥಿಗಳು ಇದ್ದರು, ಮಣ್ಣಿನ ರಸಾಯನಶಾಸ್ತ್ರದ ಮೇಲೆ ಮಾತಾಡಲು ಬಂದ ಒಬ್ಬರು ಉಪನ್ಯಾಸಕರೂ ಇದ್ದರು. ಪಾಪ, ಅವರಿಗೂ ನನ್ನ ಹಾಗೇ ಇಮೇಲ್ ಬಂದಿತ್ತು. ಫೋಟೋದಲ್ಲಿದ್ದ ವಿದೇಶಿ ಪ್ರೊಫೆಸರ್ 'ವೀಸಾ ತೊಂದರೆಯಿಂದ' ಬಂದಿರಲಿಲ್ಲ. ನನ್ನ ಸರದಿ ಬಂದಾಗ 7 ನಿಮಿಷ ಕೊಟ್ಟರು. ಮಾತು ಮುಗಿಸಿ ಪ್ರಶ್ನೆಗೆ ಕಾದು ನಿಂತೆ. ಮೈಕ್ ಹಿಡಿದವರು 'ಥ್ಯಾಂಕ್ಯೂ ಮೇಡಂ, ಮುಂದಿನವರು' ಅಂದುಬಿಟ್ಟರು. ಆ ಹಾಲ್‌ನಲ್ಲಿ ಟಿಬಿ ಬಗ್ಗೆ ಕೆಲಸ ಮಾಡಿದವರು ನಾನು ಬಿಟ್ಟರೆ ಒಬ್ಬರೂ ಇರಲಿಲ್ಲ. ಅಂಗನವಾಡಿಯ ವಿಷಯ ಯಾರಿಗೆ ಹೇಳಬೇಕು ಅಂತ ಅಷ್ಟು ದೂರ ಹೋಗಿದ್ದೆನೋ ಅವರು ಯಾರೂ ಅಲ್ಲಿರಲಿಲ್ಲ. ಮಧ್ಯಾಹ್ನ ಸರ್ಟಿಫಿಕೇಟ್ ಕೊಟ್ಟು, ಶಾಲು ಹೊದಿಸಿ, ಫೋಟೋ ತೆಗೆದರು. ಎರಡನೇ ದಿನದ ಕಾರ್ಯಕ್ರಮ ನಡೆಯಲೇ ಇಲ್ಲ.

ಬೆಳಗ್ಗೆ ನೋಂದಣಿ ಟೇಬಲ್ ಹತ್ತಿರ ಒಂದು ಹಾಳೆಗೆ ಸಹಿ ಹಾಕಿಸಿಕೊಂಡಿದ್ದರು. ಹಿಂದೆ ಸಾಲು ಇತ್ತು, ಹಾಜರಾತಿ ಅಂದುಕೊಂಡೆ, ಓದದೆ ಹಾಕಿದೆ. ಅದು ಕಾಪಿರೈಟ್ ಬಿಟ್ಟುಕೊಡುವ ಪತ್ರ. ಪ್ರೊಜೆಕ್ಟರ್‌ಗೆ ಬೇಕು ಅಂತ ಪೆನ್‌ಡ್ರೈವ್ ಕೂಡ ತೆಗೆದುಕೊಂಡರು. ಅದರಲ್ಲಿ ಪೂರ್ತಿ ಸ್ಲೈಡ್‌ಗಳ ಜೊತೆಗೆ ನನ್ನ ಕರಡು ಲೇಖನವೂ ಇತ್ತು.

ಊರಿಗೆ ಬಂದ ಮೇಲೆ ಕೆಎಂಸಿಗೆ ಫೋನ್ ಮಾಡಿ ಕೇಳಿದೆ. ಆ ಹೆಸರಿನ ಕಾರ್ಯಕ್ರಮಕ್ಕೆ ಮಾನ್ಯತೆ ಕೊಟ್ಟೇ ಇಲ್ಲ ಅಂದರು. ಆ ವಿದೇಶಿ ಪ್ರೊಫೆಸರ್‌ಗೆ ಅವರ ವಿಶ್ವವಿದ್ಯಾಲಯದ ವಿಳಾಸ ಹುಡುಕಿ ಬರೆದೆ. ಮರುದಿನವೇ ಉತ್ತರ ಬಂತು. ನನ್ನ ಹೆಸರು ಬಳಸಲು ನಾನು ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ, ನನ್ನನ್ನು ಯಾರೂ ಕರೆದೂ ಇಲ್ಲ ಅಂತ. ಈ ಎರಡೂ ಕೆಲಸವನ್ನು ದುಡ್ಡು ಕಟ್ಟುವ ಮೊದಲು ಮಾಡಿದ್ದರೆ ಅರ್ಧ ಗಂಟೆ ಸಾಕಾಗುತ್ತಿತ್ತು.

ಆದರೂ ಲೇಖನವನ್ನು ಒಂದು ಒಳ್ಳೆಯ ಜರ್ನಲ್‌ಗೆ ಕಳಿಸೋಣ ಅಂತ ಕೂತು ತಿದ್ದಿದೆ. ಕಳಿಸಿದ ಹತ್ತು ದಿನಕ್ಕೆ ಸಂಪಾದಕರಿಂದ ಪತ್ರ. ನಿಮ್ಮ ಲೇಖನ ಈಗಾಗಲೇ ಬೇರೆ ಕಡೆ ಪ್ರಕಟವಾಗಿದೆ, ಒಂದೇ ಕೆಲಸವನ್ನು ಎರಡು ಸಲ ಪ್ರಕಟಿಸಲು ಆಗುವುದಿಲ್ಲ. ಜೊತೆಗೆ ಲಿಂಕ್ ಇತ್ತು. ಸೆಮಿನಾರ್‌ನವರು ತಮ್ಮದೇ ಒಂದು 'ಜರ್ನಲ್'ನಲ್ಲಿ ನನ್ನ ಕರಡನ್ನು ಹಾಗೇ ಹಾಕಿಬಿಟ್ಟಿದ್ದರು. ಅಕ್ಷರದ ತಪ್ಪುಗಳೂ ಹಾಗೇ ಇದ್ದವು. ತೆಗೆಯಿರಿ ಅಂತ ಬರೆದರೆ 'ಹಿಂತೆಗೆತ ಶುಲ್ಕ' 400 ಡಾಲರ್ ಕೊಡಿ ಅಂದರು.

ಇದಾದ ಮೂರನೇ ವಾರ ಒಬ್ಬ ಆಶಾ ಅಕ್ಕ ಫೋನ್ ಮಾಡಿದರು. ದನಿ ಬಹಳ ಸಣ್ಣದಾಗಿತ್ತು. "ಮೇಡಂ, ನನ್ನ ಮಗ ಫೋನಿನ್ಯಾಗ ನಮ್ಮೂರ ಹೆಸರು ಹೊಡದು ನೋಡ್ಯಾನ್ರಿ. ನಿಮ್ಮ ಟಿಬಿ ಪಟ್ಟಿ ಬಂದೈತ್ರಿ. ನಮ್ಮೂರ ಮುಂದ ಒಂದು ಅಂತ ಬರದೈತಿ. ಹೆಣ್ಣು, ಇಪ್ಪತ್ತೊಂದು ವರ್ಷ ಅಂತನೂ ಐತ್ರಿ."

ಲೇಖನದ ಜೊತೆ ಅವರು ನನ್ನ ಸ್ಲೈಡ್‌ಗಳನ್ನೂ ಹಾಕಿದ್ದರು. ಕೊನೆಯಲ್ಲಿ ಒಂದು ಟೇಬಲ್ ಇತ್ತು. ನನ್ನ ಲೆಕ್ಕಕ್ಕಾಗಿ ಇಟ್ಟುಕೊಂಡದ್ದು, ತೋರಿಸಲು ಅಲ್ಲ. ಊರು, ವಯಸ್ಸು, ಗಂಡು, ಹೆಣ್ಣು. ಹೆಸರು ಇರಲಿಲ್ಲ. ಆದರೆ ನೂರಿಪ್ಪತ್ತು ಮನೆಯ ಊರಲ್ಲಿ ಇಷ್ಟು ಹೇಳಿದರೆ ಹೆಸರು ಯಾಕೆ ಬೇಕು? ಆ ವರ್ಷ ಆ ಊರಲ್ಲಿ ಇದ್ದದ್ದು ಒಬ್ಬಳೇ. ಅವಳಿಗೆ ಮದುವೆ ಮಾತುಕತೆ ನಡೆಯುತ್ತಿತ್ತು. ಟಿಬಿ ವಾಸಿಯಾಗುತ್ತದೆ ಅಂತ ನಾವು ಎಷ್ಟು ಹೇಳಿದರೂ, ಹುಡುಗಿಗೆ ಟಿಬಿ ಇತ್ತು ಅಂದರೆ ಸಂಬಂಧ ಮುರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಟೇಬಲ್ ಅನ್ನು ಸ್ಲೈಡ್‌ಗಳ ಜೊತೆ ಇಟ್ಟದ್ದು ನನ್ನ ತಪ್ಪು. ಅದನ್ನು ಇನ್ನೊಬ್ಬರ ಮೇಲೆ ಹಾಕುವುದಿಲ್ಲ.

ಇಂಥವರು ಜಗತ್ತಿನಲ್ಲೆಲ್ಲ ಇದ್ದಾರೆ ಅಂತ ಆಮೇಲೆ ಓದಿ ತಿಳಿದುಕೊಂಡೆ. 2016ರಲ್ಲಿ ನ್ಯೂಜಿಲೆಂಡ್‌ನ ಕ್ರಿಸ್ಟೋಫ್ ಬಾರ್ಟ್‌ನೆಕ್ ಎಂಬ ಪ್ರೊಫೆಸರ್ ತಮ್ಮ ಫೋನ್ ತಾನಾಗಿ ಸೂಚಿಸುವ ಪದಗಳನ್ನು ಒತ್ತುತ್ತಾ ಹೋಗಿ, ಅರ್ಥವೇ ಇಲ್ಲದ ಒಂದು ಅಬ್‌ಸ್ಟ್ರಾಕ್ಟ್ ಮಾಡಿ, ಪರಮಾಣು ಭೌತಶಾಸ್ತ್ರದ ಒಂದು ಸಮ್ಮೇಳನಕ್ಕೆ ಕಳಿಸಿದರು. ಮೂರು ಗಂಟೆಯಲ್ಲಿ ಒಪ್ಪಿಗೆ ಬಂತು. ಹೈದರಾಬಾದ್ ಮೂಲದ ಓಮಿಕ್ಸ್ ಎಂಬ ಪ್ರಕಾಶನ ಸಂಸ್ಥೆಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದೇ ವರ್ಷ ಕೇಸು ಹಾಕಿತು. ಸರಿಯಾದ ವಿಮರ್ಶೆ ಮಾಡುವುದಿಲ್ಲ, ಶುಲ್ಕ ಮುಚ್ಚಿಡುತ್ತಾರೆ, ಒಪ್ಪದವರ ಹೆಸರನ್ನು ಸಮ್ಮೇಳನದ ಜಾಹೀರಾತಿಗೆ ಬಳಸುತ್ತಾರೆ ಎಂಬುದು ದೂರು. 2019ರ ಮಾರ್ಚ್‌ನಲ್ಲಿ ಅಲ್ಲಿನ ಕೋರ್ಟು 5 ಕೋಟಿ ಡಾಲರ್‌ಗೂ ಜಾಸ್ತಿ ಕಟ್ಟಲು ಹೇಳಿತು. ನನ್ನನ್ನು ಕರೆದವರು ಅವರಲ್ಲ, ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಆದರೆ ಆ ದೂರು ಓದುವಾಗ ನನ್ನದೇ ಕಥೆ ಓದಿದ ಹಾಗಾಯಿತು.

ಹಾಗಂತ ಸೆಮಿನಾರ್‌ಗೇ ಹೋಗಬೇಡಿ ಅನ್ನುತ್ತಿಲ್ಲ. ಇಂಡಿಯನ್ ಪಬ್ಲಿಕ್ ಹೆಲ್ತ್ ಅಸೋಸಿಯೇಷನ್ 1956ರಿಂದ ಇದೆ. ಕಮ್ಯುನಿಟಿ ಮೆಡಿಸಿನ್‌ನವರ ಸಂಘ ಐಎಪಿಎಸ್‌ಎಂ 1974ರಿಂದ ಇದೆ. ಎರಡಕ್ಕೂ ವರ್ಷಕ್ಕೊಂದು ರಾಷ್ಟ್ರೀಯ ಸಮ್ಮೇಳನ, ರಾಜ್ಯ ಶಾಖೆಗಳು ಇವೆ. ಅಲ್ಲಿ ನಿಮ್ಮ ಪೋಸ್ಟರ್ ಮುಂದೆ ನಿಂತು ಜಗಳವಾಡುವ ಜನ ಸಿಗುತ್ತಾರೆ. ನಮಗೆ ಬೇಕಾದದ್ದೂ ಅದೇ ತಾನೆ. ಸಂಘಟಕರ ಹೆಸರು, ಕಾಲೇಜು, ಫೋನ್ ನಂಬರ್ ಎಲ್ಲ ಇರುತ್ತದೆ. ಆ ಕಾಲೇಜಿನ ಲ್ಯಾಂಡ್‌ಲೈನ್‌ಗೇ ಫೋನ್ ಮಾಡಿ ಕೇಳಿ, ಆಹ್ವಾನದಲ್ಲಿ ಕೊಟ್ಟ ಮೊಬೈಲ್‌ಗಲ್ಲ. ಕ್ರೆಡಿಟ್ ಅವರ್ ಕೊಡುತ್ತೇವೆ ಅಂದರೆ ಕೆಎಂಸಿಯಲ್ಲಿ ವಿಚಾರಿಸಿ. ಮುಖ್ಯ ಭಾಷಣಕಾರರಿಗೆ ಎರಡು ಸಾಲು ಇಮೇಲ್ ಬರೆಯಿರಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. 'ಥಿಂಕ್ ಚೆಕ್ ಅಟೆಂಡ್' ಅಂತ ಒಂದು ಉಚಿತ ಪ್ರಶ್ನಾವಳಿ ಇಂಟರ್‌ನೆಟ್‌ನಲ್ಲಿದೆ, ಸಮ್ಮೇಳನ ನಿಜವೋ ಅಲ್ಲವೋ ಅಂತ ಅಳೆಯಲು ಅದು ಸಹಾಯ ಮಾಡುತ್ತದೆ. ಒಂದೇ ಕಾರ್ಯಕ್ರಮದಲ್ಲಿ ಹಲ್ಲು, ಮಣ್ಣು, ಟಿಬಿ ಮೂರೂ ಇದ್ದರೆ ದೂರ ಇರಿ.

ಸಂಶೋಧನೆ ಕಲಿಯಬೇಕು ಅನ್ನುವ ಕಿರಿಯರಿಗೆ ಇನ್ನೊಂದು ಮಾತು. ಚೆನ್ನೈನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಪಿಡೆಮಿಯಾಲಜಿ ನಡೆಸುವ ಬಯೋಮೆಡಿಕಲ್ ರಿಸರ್ಚ್ ಕೋರ್ಸ್ ಆನ್‌ಲೈನ್‌ನಲ್ಲಿದೆ. ಪಿಜಿಗಳಿಗೆ ಅದು ಕಡ್ಡಾಯ. ಉಳಿದವರೂ ಮಾಡಿ, ಎಥಿಕ್ಸ್ ಪಾಠವನ್ನು ಎರಡು ಸಲ ಕೇಳಿ. ನಿಮ್ಮ ಪೆನ್‌ಡ್ರೈವ್‌ನಲ್ಲಿ ತೋರಿಸುವ ಸ್ಲೈಡ್ ಬಿಟ್ಟು ಬೇರೇನೂ ಇರಬಾರದು. ಸಾಧ್ಯವಾದರೆ ಪಿಡಿಎಫ್ ಮಾತ್ರ ಕೊಡಿ, ಊರಿನ ಹೆಸರು ತೆಗೆದುಬಿಡಿ. ಸಹಿ ಹಾಕುವ ಹಾಳೆಯನ್ನು ಸಾಲು ಎಷ್ಟೇ ಉದ್ದ ಇದ್ದರೂ ಪೂರ್ತಿ ಓದಿ.

ಈಗಾಗಲೇ ದುಡ್ಡು ಕಟ್ಟಿದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ನಾನು ತಡ ಮಾಡಿದೆ, ವಾಪಸ್ ಬರಲಿಲ್ಲ. 400 ಡಾಲರ್ ಕೊಡಲಿಲ್ಲ, ನೀವೂ ಕೊಡಬೇಡಿ. ಎಥಿಕ್ಸ್ ಕಮಿಟಿಗೆ ನಡೆದದ್ದೆಲ್ಲ ಬರೆದು ಕೊಟ್ಟೆ. ಜಿಲ್ಲಾ ಟಿಬಿ ಸಭೆಯಲ್ಲಿ ಅಂಗನವಾಡಿಯ ವಿಷಯ ಹೇಳಿದೆ, ಎರಡು ತಾಲ್ಲೂಕಿನವರು ಮಾಡಿ ನೋಡುತ್ತೇವೆ ಅಂದರು. ಮೊದಲೇ ಅಲ್ಲಿ ಹೇಳಬೇಕಿತ್ತು. ಒಂದು ಬಸ್ಸಿನ ದೂರ.

ಆ ಹುಡುಗಿಯ ಮನೆಗೆ ನಾನೇ ಹೋದೆ. ಆಶಾ ಅಕ್ಕನನ್ನು ಕರೆದುಕೊಂಡು, ಮಧ್ಯಾಹ್ನ, ಅವಳ ಅಪ್ಪ ಹೊಲಕ್ಕೆ ಹೋದ ಹೊತ್ತು ನೋಡಿ. ನಡೆದದ್ದನ್ನು ಹೇಳಿದೆ. ಕ್ಷಮೆ ಕೇಳಿದೆ. ಅವಳು ಫೋನ್ ಇಸಿದುಕೊಂಡು ಆ ಟೇಬಲ್ ನೋಡಿದಳು. ತನ್ನ ಸಾಲನ್ನು ಬೆರಳಿಟ್ಟು ಹುಡುಕಿದಳು. "ಯಾವಾಗ ತಗಸ್ತೀರಿ ಮೇಡಂ ಇದನ್ನ?" ಅಂದಳು.

ಹುಡುಕಾಟದಿಂದ ತೆಗೆಯಿರಿ ಅಂತ ಗೂಗಲ್‌ಗೆ ಅರ್ಜಿ ಹಾಕಿದ್ದೇನೆ. ಆ ವೆಬ್‌ಸೈಟ್‌ಗೆ ಜಾಗ ಕೊಟ್ಟ ಕಂಪನಿಗೆ ಮೂರು ಸಲ ಬರೆದಿದ್ದೇನೆ. ನಿನ್ನೆ ರಾತ್ರಿ ನೋಡಿದಾಗಲೂ ಅದು ಅಲ್ಲೇ ಇತ್ತು.