ಸೊಪ್ಪಿನ ಮಡಿಗೆ ಬೆಕ್ಕು ಬಾರದಂತೆ: ಶಬ್ದಯಂತ್ರವೋ, ಕೋಳಿ ಜಾಲರಿಯೋ?

ದಾವಣಗೆರೆಯ ನಮ್ಮ ಮನೆಯ ಹಿತ್ತಿಲಿನಲ್ಲಿ ಎಂಟಡಿ ಉದ್ದ, ಮೂರಡಿ ಅಗಲದ ಎರಡು ಸೊಪ್ಪಿನ ಮಡಿಗಳಿವೆ. ಇವುಗಳನ್ನು ಓಣಿಯ ಬೆಕ್ಕುಗಳಿಂದ ಉಳಿಸಿಕೊಳ್ಳಲು ಮೊದಲು 1,900 ರೂಪಾಯಿ ಕೊಟ್ಟು ಪ್ರಾಣಿ ಹತ್ತಿರ ಬಂದರೆ ಕೀರಲು ಶಬ್ದ ಹೊರಡಿಸಿ ಓಡಿಸುವ ಸೌರಶಕ್ತಿಯ ಶಬ್ದಯಂತ್ರ ತರಿಸಿದೆ; ಅದು ಕೈಕೊಟ್ಟ ಮೇಲೆ ಹಾರ್ಡ್‌ವೇರ್ ಅಂಗಡಿಯಿಂದ 560 ರೂಪಾಯಿಗೆ ಹದಿನಾರು ಅಡಿ ಕೋಳಿ ಜಾಲರಿ ತಂದು ಹಾಸಿದೆ. ಎರಡನ್ನೂ ಒಂದು ಬೇಸಿಗೆ ಪೂರ್ತಿ ಬಳಸಿ ನೋಡಿದ್ದೇನೆ. ಜಾಲರಿಯೇ ಮೇಲು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಬೆಕ್ಕು ಮಲವಿಸರ್ಜನೆಗೆ ಮುನ್ನ ಕೆರೆಯುತ್ತದೆ, ಆಮೇಲೆ ಮುಚ್ಚುತ್ತದೆ. ಅದಕ್ಕಾಗಿ ಸಡಿಲವಾದ ಮಣ್ಣನ್ನೇ ಹುಡುಕುತ್ತದೆ. ಅಗೆದು, ಹೆಂಟೆ ಒಡೆದು, ಗೊಬ್ಬರ ಬೆರೆಸಿ ಹದ ಮಾಡಿದ ಮಡಿಗಿಂತ ಅನುಕೂಲವಾದ ಜಾಗ ಅದಕ್ಕೆ ಇನ್ನೆಲ್ಲಿ ಸಿಗಬೇಕು? ಮೆಂತ್ಯ ಎರಡೆಲೆ ಬಿಡುವ ಹೊತ್ತಿಗೆ ಸಾಲಿನ ನಡುವೆ ಅಂಗೈಯಗಲದ ಗುಂಡಿಗಳು ಕಾಣಿಸುತ್ತಿದ್ದವು, ಸುತ್ತಲಿನ ಸಸಿಗಳು ಬೇರು ಮೇಲಾಗಿ ಒಣಗಿರುತ್ತಿದ್ದವು. ಸೊಪ್ಪು ಹೋದರೆ ಮತ್ತೆ ಬಿತ್ತಬಹುದಿತ್ತು. ಆದರೆ ಈ ವರ್ಷ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ಬೆಕ್ಕಿನ ಮಲ ಬಿದ್ದ ಮಣ್ಣನ್ನು ಮುಟ್ಟಬಾರದೆಂದು ವೈದ್ಯರು ಅವಳಿಗೆ ಎಚ್ಚರಿಸಿದ್ದರು. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಬೆಕ್ಕಿನ ಮಲದ ಮೂಲಕ ಮಣ್ಣಿಗೆ ಸೇರಿ, ಒಂದರಿಂದ ಐದು ದಿನಗಳಲ್ಲಿ ಸೋಂಕು ತಗುಲಿಸುವ ಸ್ಥಿತಿಗೆ ಬರುತ್ತದೆ. ತೇವವಿರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಗರ್ಭಿಣಿಗೆ ಹೊಸದಾಗಿ ಸೋಂಕು ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯವಾಗಬಹುದು. ಆದ್ದರಿಂದ ತಡಮಾಡದೆ ಯಂತ್ರ ತರಿಸಿದೆ.

ಮೊದಲ ವಾರ ಒಂದು ಗುಂಡಿಯೂ ಬೀಳಲಿಲ್ಲ. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಪಕ್ಕದ ಮನೆಯ ಮೂರನೇ ತರಗತಿಯ ಹುಡುಗಿ ಶಾಲೆಗೆ ಹೊರಟವಳು ನಮ್ಮ ಕಾಂಪೌಂಡಿನ ಬಳಿ ಎರಡೂ ಕಿವಿ ಮುಚ್ಚಿಕೊಂಡು ಓಡಿದ್ದನ್ನು ಕಂಡೆ. ಸಂಜೆ ಕರೆದು ಕೇಳಿದಾಗ, "ಅಜ್ಜಾ, ನಿಮ್ಮ ಹಿತ್ತಲಾಗೆ ಅದೇನೋ ಕುಂಯ್ ಅಂತೈತಿ, ಕಿವಿ ನೋಯ್ತೈತಿ. ನಿಮಗೆ ಕೇಳ್ಸಲ್ಲೇನು?" ಎಂದಳು. ನನಗೂ ನನ್ನ ಹೆಂಡತಿಗೂ ಏನೂ ಕೇಳಿಸುತ್ತಿರಲಿಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಶಬ್ದಗಳನ್ನು. ಅರವತ್ತು ದಾಟಿದವರಿಗೆ 12 ಕಿಲೋಹರ್ಟ್ಸ್‌ಗಿಂತ ಮೇಲಿನದು ಕೇಳುವುದು ಕಷ್ಟ, ಮಕ್ಕಳಿಗಾದರೋ 20 ಕಿಲೋಹರ್ಟ್ಸ್‌ವರೆಗೂ ಕೇಳುತ್ತದೆ. ಯಂತ್ರದ ಹಿಂಬದಿಯ ತಿರುಪು ಆ ಎರಡರ ನಡುವೆ ನಿಂತಿತ್ತು. ಒಂದು ವಾರ ಆ ಮಗು ದಿನಕ್ಕೆರಡು ಬಾರಿ ಈ ನೋವನ್ನು ಸಹಿಸಿದ್ದಳು ಎಂದು ತಿಳಿದಾಗ ನನಗೆ ಬಹಳ ಸಂಕಟವಾಯಿತು.

ಕೂಡಲೇ ತಿರುಪನ್ನು ಮೇಲಿನ ಹಂತಕ್ಕೆ ತಿರುಗಿಸಿ, ಹುಡುಗಿಯನ್ನೇ ನಿಲ್ಲಿಸಿಕೊಂಡು, ಅವಳಿಗೆ ಕೇಳಿಸುವುದಿಲ್ಲವೆಂದು ಖಚಿತವಾಗುವವರೆಗೂ ಏರಿಸಿದೆ. ಬೆಕ್ಕಿನ ಕಿವಿಗೆ 60 ಕಿಲೋಹರ್ಟ್ಸ್‌ನ ಶಬ್ದವೂ ಕೇಳುತ್ತದೆಯಾದ್ದರಿಂದ ತೊಂದರೆಯಿಲ್ಲವೆಂದುಕೊಂಡಿದ್ದೆ. ಆದರೆ ಶಬ್ದ ಕೀರಲಾದಷ್ಟೂ ಗಾಳಿಯಲ್ಲಿ ಬೇಗ ಕುಗ್ಗುತ್ತದೆ, ಅಡ್ಡ ಬಂದ ವಸ್ತುವನ್ನು ಬಳಸಿಕೊಂಡು ಹೋಗುವುದಿಲ್ಲ. ನಮ್ಮ ಎರಡನೆಯ ಮಡಿ ಬಸಳೆ ಚಪ್ಪರದ ಹಿಂದೆ ಇದೆ. ಮಾರನೆಯ ಬೆಳಿಗ್ಗೆಯೇ ಅಲ್ಲಿ ಎರಡು ಗುಂಡಿಗಳಿದ್ದವು.

ಏಪ್ರಿಲ್ ಬಂದಾಗ ಇನ್ನೊಂದು ತೊಡಕು ಎದುರಾಯಿತು. ಈ ಯಂತ್ರಗಳು ಪ್ರಾಣಿಯನ್ನು ಗುರುತಿಸುವುದು ಮೈಶಾಖಕ್ಕೂ ಹಿನ್ನೆಲೆಯ ಶಾಖಕ್ಕೂ ಇರುವ ವ್ಯತ್ಯಾಸದಿಂದ. ಬೆಕ್ಕಿನ ಮೈಶಾಖ ಸುಮಾರು 38ರಿಂದ 39 ಡಿಗ್ರಿ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನದ ಬಿಸಿಲೂ ಅಷ್ಟನ್ನೇ ಮುಟ್ಟುತ್ತದೆ, ಕಾದ ಗೋಡೆಯಂತೂ ಅದನ್ನೂ ಮೀರುತ್ತದೆ. ಬೂದು ಬಣ್ಣದ ಗಂಡು ಬೆಕ್ಕೊಂದು ಯಂತ್ರದ ಮುಂದೆ ಮೂರೇ ಅಡಿ ದೂರದಲ್ಲಿ ನಿಧಾನವಾಗಿ ನಡೆದುಹೋದರೂ ಅದರ ಕೆಂಪು ದೀಪ ಹೊತ್ತಲಿಲ್ಲ. ಆದರೆ ಬಿಸಿಲಿಗೆ ಕಾದ ಬಾಳೆ ಎಲೆ ಗಾಳಿಗೆ ಅಲುಗಿದರೆ ಸಾಕು, ಹತ್ತಾರು ಸಲ ಹೊತ್ತುತ್ತಿತ್ತು. ಹಿಂದಿರುಗಿಸುವ ಅವಧಿ ಅಷ್ಟರಲ್ಲಿ ಮುಗಿದಿತ್ತು.

ಜಾಲರಿಗೆ ಶಾಖವೂ ಬೇಡ, ಶಬ್ದವೂ ಬೇಡ. ಬಿತ್ತಿದ ದಿನವೇ ಮುಕ್ಕಾಲು ಇಂಚಿನ ಕಣ್ಣಿನ ಜಾಲರಿಯನ್ನು ಮಣ್ಣಿಗೆ ತಾಗುವಂತೆ ಹಾಸಿ, ಅಂಚನ್ನು ಎರಡು ಇಂಚು ಒಳಕ್ಕೆ ಮಡಚಿ ಹೂತು, ಗಟ್ಟಿ ತಂತಿಯನ್ನು ಕೊಕ್ಕೆಯಂತೆ ಬಗ್ಗಿಸಿ ಅಲ್ಲಲ್ಲಿ ಚುಚ್ಚಿದೆ. ಮೊಳಕೆ ಕಣ್ಣುಗಳ ಮೂಲಕ ಸಲೀಸಾಗಿ ಮೇಲೆ ಬರುತ್ತದೆ, ನೀರು ಇಳಿಯುತ್ತದೆ. ಮೊದಲ ರಾತ್ರಿಯ ಗುರುತು ಬೆಳಿಗ್ಗೆ ಸ್ಪಷ್ಟವಾಗಿತ್ತು: ಹಸಿ ಮಣ್ಣಿನ ಮೇಲೆ ಉಗುರಿನ ನಾಲ್ಕು ಗೀರು, ತಂತಿ ಸಿಕ್ಕಲ್ಲಿಗೆ ನಿಂತ ಗೀರು, ಅಲ್ಲಿಂದ ವಾಪಸು ಹೋದ ಹೆಜ್ಜೆಗಳು. ಅದರ ನಂತರ ಮೂರು ಬೆಳೆ ತೆಗೆದಿದ್ದೇವೆ, ಒಂದು ಗುಂಡಿಯೂ ಇಲ್ಲ.

ಜಾಲರಿಯಲ್ಲಿಯೂ ಒಂದು ಅನಾನುಕೂಲವಿದೆ. ಮೆಂತ್ಯ, ಕೊತ್ತಂಬರಿಗಳನ್ನು ಬೇರುಸಹಿತ ಕೀಳುವ ನಮ್ಮ ರೂಢಿ ಇಲ್ಲಿ ನಡೆಯುವುದಿಲ್ಲ. ಬೇರಿನ ಮಣ್ಣುಂಡೆ ತಂತಿಗೆ ಸಿಕ್ಕಿಕೊಂಡು ಇಡೀ ಜಾಲರಿ ಮೇಲೇಳುತ್ತದೆ. ಈಗ ಕತ್ತರಿಯಲ್ಲಿ ಬುಡದಿಂದ ಎರಡು ಇಂಚು ಬಿಟ್ಟು ಕೊಯ್ಯುತ್ತೇವೆ, ಮೆಂತ್ಯವೂ ಪಾಲಕವೂ ಮತ್ತೊಮ್ಮೆ ಚಿಗುರುತ್ತವೆ. ಬೇರಿಲ್ಲದ ಕೊತ್ತಂಬರಿಯಲ್ಲಿ ಸಾರಿನ ಘಮ ಕಡಿಮೆ ಎಂಬುದು ಹೆಂಡತಿಯ ಆಕ್ಷೇಪ, ಅದು ನಿಜ.

ಉಳಿದ ಉಪಾಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಿತ್ತಳೆ ಸಿಪ್ಪೆಯ ವಾಸನೆ ದಿನವೂ ನೀರು ಹಾಕುವ ಮಡಿಯಲ್ಲಿ ಎರಡು ದಿನ ನಿಲ್ಲಲಿಲ್ಲ. ನೀಲಿ ನೀರು ತುಂಬಿದ ಬಾಟಲಿಯನ್ನು ಜನ ನಾಯಿಗೆಂದು ಇಡುತ್ತಾರೆ, ಬೆಕ್ಕು ಅದಕ್ಕೆ ಮೈ ಉಜ್ಜಿಕೊಂಡು ಹೋಯಿತು. ಜಾಲಿ ಮುಳ್ಳು ಕೆಲಸ ಮಾಡುತ್ತದೆ, ಕಳೆ ಕೀಳುವವರ ಕೈಗೂ ಚುಚ್ಚುತ್ತದೆ. ನುಸಿಗುಳಿಗೆ ಮತ್ತು ಫಿನಾಯಿಲನ್ನು ಮಾತ್ರ ಯಾರೂ ಬಳಸಬೇಡಿ ಎಂದು ಕೈಮುಗಿದು ಕೇಳುತ್ತೇನೆ: ಎರಡೂ ಬೆಕ್ಕಿಗೆ ವಿಷ, ತಿನ್ನುವ ಸೊಪ್ಪಿನ ಮಣ್ಣಿಗೆ ಸೇರಬಾರದ ವಸ್ತುಗಳು. ಬೇಕೆಂದೇ ವಿಷವಿಡುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಮಡಿ ಮುಚ್ಚಿದ ಮೇಲೆ ಬೆಕ್ಕುಗಳು ಹೂಕುಂಡಗಳಿಗೆ ಬರತೊಡಗಿದವು. ಅದಕ್ಕೆ ಮನೆ ಕಟ್ಟಿದಾಗ ಉಳಿದಿದ್ದ ಮರಳನ್ನು ನುಗ್ಗೆ ಮರದ ಬುಡದಲ್ಲಿ, ನೀರು ತಾಗದ ಮೂಲೆಯಲ್ಲಿ ಒಂದು ಗುಡ್ಡೆಯಷ್ಟು ಹಾಕಿದೆ. ಐದಾರು ದಿನಗಳಲ್ಲಿ ಎಲ್ಲವೂ ಅಲ್ಲಿಗೇ ಹೋಗಲು ಶುರುಮಾಡಿದವು. ದಿನವೂ ಬೆಳಿಗ್ಗೆ ಕೈಗವಸು ತೊಟ್ಟು ಸಣ್ಣ ಸಲಿಕೆಯಿಂದ ಮಲವನ್ನು ತೆಗೆದುಹಾಕುತ್ತೇನೆ. ಅದೇ ದಿನ ತೆಗೆದರೆ ಮೇಲೆ ಹೇಳಿದ ಪರಾವಲಂಬಿಗೆ ಸೋಂಕು ಹರಡುವಷ್ಟು ಕಾಲಾವಕಾಶ ಸಿಗುವುದಿಲ್ಲ.

ಹಿತ್ತಿಲಿನಲ್ಲಿ ಮಣ್ಣೇ ಇಲ್ಲದೆ, ಕಾರಿನ ಮೇಲೋ ಜಗುಲಿಯ ಮೇಲೋ ಬೆಕ್ಕು ಮಲಗುವುದಷ್ಟೇ ತೊಂದರೆಯಾಗಿರುವವರಿಗೆ, ಅಕ್ಕಪಕ್ಕದಲ್ಲಿ ಮಕ್ಕಳಿಲ್ಲದಿದ್ದರೆ, ಯಂತ್ರ ಉಪಯೋಗಕ್ಕೆ ಬರಬಹುದು. ನಾನು ನಿವೃತ್ತಿ ವೇತನದಲ್ಲಿ ಮನೆ ನಡೆಸುವವನು, ಬೆಳಗಿನ ಒಂದು ಗಂಟೆ ಹೇಗೂ ಹಿತ್ತಿಲಿನಲ್ಲೇ ಇರುತ್ತೇನೆ. ನನಗೆ ಜಾಲರಿ ಮತ್ತು ಮರಳೇ ಸರಿ. ಬರುವ ವಾರ ಪಾಲಕ ಮುಗಿಯುತ್ತದೆ. ಜಾಲರಿಯನ್ನು ಸುರುಳಿ ಸುತ್ತಿ ತೆಗೆದು, ಕೊಟ್ಟಿಗೆ ಗೊಬ್ಬರ ಬೆರೆಸಿ, ಸಬ್ಬಸಿಗೆ ಬಿತ್ತಿ, ಅಂದೇ ಸಂಜೆ ಮತ್ತೆ ಹಾಸಬೇಕು.